ಹೆಡ್ ಗ್ಯಾಸ್ಕೆಟ್ ಹೋಯಿತೇ? ಬದಲಿಸುವ ಮೊದಲು ಕಾರಣ ಹುಡುಕಿ

ಘಾಟಿ ಹತ್ತುವಾಗ ಕಾರು ಬಿಸಿಯಾಗಿ ನಿಂತಿತು. ಗ್ಯಾರೇಜಿನಲ್ಲಿ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದರು, ಹೊಸದು ಹಾಕಿಸಿದ್ದೂ ಆಯಿತು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕತೆ. ಗ್ಯಾಸ್ಕೆಟ್ ತಾನಾಗಿಯೇ ಕೆಡುವುದು ಅಪರೂಪ. ಕೆಡಿಸಿದ್ದನ್ನು ಸರಿಪಡಿಸದೆ ಹೊಸದು ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆಯೇ.

ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಕೂರುವ ತೆಳು ಪದರ ಇದು. ಉರಿಯುವ ಗ್ಯಾಸು, ಆಯಿಲ್, ಎಂಜಿನ್ ತಣ್ಣಗಿಡುವ ಕೂಲೆಂಟ್ ಮೂರೂ ತಮ್ಮ ತಮ್ಮ ದಾರಿಯಲ್ಲೇ ಇರುವಂತೆ ನೋಡಿಕೊಳ್ಳುತ್ತದೆ. ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಅದು ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಹೆಡ್‌ನ ಬಿಸಿ 70 ಡಿಗ್ರಿ ಏರಿದರೆ ಅದು 0.6 ಮಿ.ಮೀ.ನಷ್ಟು ಉದ್ದವಾಗುತ್ತದೆ, ಕೆಳಗೆ ಕಬ್ಬಿಣದ ಬ್ಲಾಕ್ ಇದ್ದರೆ ಅದು 0.3ರಷ್ಟೇ. ಈ ಎಳೆದಾಟ ಗ್ಯಾಸ್ಕೆಟ್‌ಗೆ ದಿನನಿತ್ಯದ್ದು, ಅದನ್ನು ತಡೆಯಲೆಂದೇ ಮಾಡಿದ್ದಾರೆ. ಎಂಜಿನ್ ಮಿತಿಮೀರಿ ಕಾದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಹೆಡ್ ಬೋಲ್ಟ್‌ಗಳು ಉಕ್ಕಿನವು, ಅಲ್ಯೂಮಿನಿಯಂನಷ್ಟು ಹಿಗ್ಗುವುದಿಲ್ಲ. ಹಿಗ್ಗಲು ಜಾಗವಿಲ್ಲದೆ, ಕಾದು ಮೆತ್ತಗಾದ ಹೆಡ್ ಬೋಲ್ಟಿನಡಿ ಜಜ್ಜಿಹೋಗುತ್ತದೆ, ಸೊಟ್ಟಗಾಗುತ್ತದೆ. ಆರಿದ ಮೇಲೆ ಬೋಲ್ಟ್‌ನ ಹಿಡಿತವೂ ಸಡಿಲ.

ಹಾಗಾಗಿ ತಪಾಸಣೆ ಕೂಲಿಂಗ್‌ನಿಂದಲೇ ಶುರುವಾಗಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಆ ಮುಚ್ಚಳದ ರಬ್ಬರ್ ನೋಡಿ. ಸುಮಾರು 1 ಬಾರ್ ಒತ್ತಡವನ್ನು ಅದು ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯದು. ರಬ್ಬರ್ ಬಿರಿದಿದ್ದರೆ ನೂರಕ್ಕೇ ಕುದಿಯುತ್ತದೆ. ನಂತರ ಫ್ಯಾನ್, ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ಕವಾಟ), ವಾಟರ್ ಪಂಪ್, ಹೋಸ್‌ಗಳನ್ನು ನೋಡಿ. ಥರ್ಮೋಸ್ಟಾಟನ್ನು ಕಿತ್ತೆಸೆದು ಓಡಿಸುವ ರೂಢಿ ಬೇಡ.

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸವಂತೂ ಅಲ್ಯೂಮಿನಿಯಂಗೆ ದೊಡ್ಡ ಶತ್ರು. ಗಡಸು ನೀರಿನ ಸುಣ್ಣದಂಶ ಒಳದಾರಿಗಳಲ್ಲಿ ಕಟ್ಟುತ್ತದೆ. ತುಕ್ಕುನಿರೋಧಕವಿಲ್ಲದ ಆ ನೀರು ಗ್ಯಾಸ್ಕೆಟ್ ಕೂರುವ ಅಂಚನ್ನೇ ತಿಂದು ಗುಂಡಿ ಮಾಡುತ್ತದೆ. ಕಂಪನಿ ಹೇಳಿದ ಕೂಲೆಂಟ್, ಡಿಸ್ಟಿಲ್ಡ್ ವಾಟರ್, ಇವೆರಡೇ ಸಾಕು.

ಇನ್ನೊಂದು ಮಾತು ಚಾಲಕರಿಗೆ. ಟೆಂಪರೇಚರ್ ಮುಳ್ಳು ಕೆಳಗಿದೆ ಎಂದು ನೆಮ್ಮದಿಯಿಂದಿರಬೇಡಿ. ಕೂಲೆಂಟ್ ಪೂರಾ ಸೋರಿಹೋದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿದೇ ಇರಬಹುದು. ಹೀಟರ್ ಹಾಕಿದಾಗ ದಿಢೀರನೆ ತಣ್ಣನೆಯ ಗಾಳಿ ಬಂದರೆ ತಕ್ಷಣ ನಿಲ್ಲಿಸಿ.

ಬ್ರಿಟನ್ನಿನ ರೋವರ್ ಕೆ ಸರಣಿಯ 1.8 ಲೀಟರ್ ಎಂಜಿನ್ ಹೆಡ್ ಗ್ಯಾಸ್ಕೆಟ್ ತೊಂದರೆಗೆ ಪ್ರಸಿದ್ಧ ಉದಾಹರಣೆ. 1995ರ ಎಂಜಿಎಫ್, 1997ರ ಫ್ರೀಲ್ಯಾಂಡರ್ ಕಾರುಗಳಲ್ಲಿ ಅದಿತ್ತು. ಹೆಡ್, ಬ್ಲಾಕ್ ಎರಡೂ ಅಲ್ಯೂಮಿನಿಯಂ. ಹೆಡ್‌ನಿಂದ ಎಂಜಿನ್ ತಳದವರೆಗೆ ಹಾಯುವ ಉದ್ದನೆಯ ಬೋಲ್ಟ್‌ಗಳು. ಕೂಲೆಂಟ್ ಪ್ರಮಾಣ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಯೂ ಬೇಗ ಹೆಡ್ಡಿಗೆ ಏಟು ಕೊಡುತ್ತಿತ್ತು. ಮುಂದೆ ಹೆಡ್ಡನ್ನು ಬ್ಲಾಕಿನ ಮೇಲೆ ಸರಿಯಾಗಿ ಕೂರಿಸುವ ಪ್ಲಾಸ್ಟಿಕ್ ಗೂಟದ (ಡಾವೆಲ್) ಬದಲು ಉಕ್ಕಿನದು, ಹಳೆಯ ಗ್ಯಾಸ್ಕೆಟ್ ಬದಲು ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಬಂದವು.

ಕೂಲಿಂಗ್ ಸರಿಯಿದ್ದೂ ಗ್ಯಾಸ್ಕೆಟ್ ಹೋದರೆ ಅನುಮಾನ ಎಂಜಿನ್ ‘ನಾಕಿಂಗ್’ ಮೇಲೆ, ಅಂದರೆ ಸಿಲಿಂಡರಿನೊಳಗೆ ಇಂಧನ ಹದ ತಪ್ಪಿ ಸ್ಫೋಟಿಸುವುದರ ಮೇಲೆ. ದೊಡ್ಡ ಗೇರಿನಲ್ಲೇ ಏರು ಹತ್ತುವಾಗ ಕಿಣಿಕಿಣಿ ಸದ್ದು ಬರುತ್ತಿದ್ದರೆ, ಗ್ಯಾಸ್ಕೆಟ್ಟಿನಲ್ಲಿ ಸಿಲಿಂಡರ್ ಸುತ್ತಲಿನ ಬಳೆಗೆ ಪ್ರತಿ ಸಲವೂ ಸುತ್ತಿಗೆ ಏಟು.

ಹೆಡ್ ಬಿಚ್ಚುವುದೇ ಆದರೆ ತಣ್ಣಗಾದ ಮೇಲೆ, ಬೋಲ್ಟ್‌ಗಳನ್ನು ಹೊರಗಿನಿಂದ ನಡುವಿಗೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಹೆಡ್ಡಿನಲ್ಲಿ ಗ್ಯಾಸ್ಕೆಟ್ ಕೂರುವ ಮೈಮೇಲೆ ನೇರವಾದ ಸ್ಟೀಲ್ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನೋಡಿ. ಹಲವು ಕಾರುಗಳಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ಸಂದಿ ಕಂಡರೆ ಮೈ ಉಜ್ಜಿ ಸಮಮಾಡುವ ಫೇಸಿಂಗ್‌ಗೆ ಕೊಡಲೇಬೇಕು. ನಿಮ್ಮ ಕಾರಿನ ಮಿತಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಹಳೆ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರ್ ಬ್ರಷ್ ಹಿಡಿಯಲು ಬಿಡಬೇಡಿ, ಮೆತ್ತನೆಯ ಲೋಹದಲ್ಲಿ ತಗ್ಗು ಬೀಳುತ್ತದೆ. ಬೋಲ್ಟ್ ಗುಂಡಿಯೊಳಗೆ ಆಯಿಲ್, ನೀರು ಉಳಿಯಬಾರದು. ಮ್ಯಾನ್ಯುಯಲ್ ಹೇಳಿದ್ದರೆ ಬೋಲ್ಟ್‌ಗಳೂ ಹೊಸವೇ ಬೇಕು. ಒಮ್ಮೆ ಹಿಗ್ಗಿದವು ಮತ್ತೆ ಅದೇ ಹಿಡಿತ ಕೊಡವು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಿಂದ, ಹಂತಹಂತವಾಗಿ.

ಕೊನೆಗೆ ಕೂಲೆಂಟ್ ತುಂಬಿ, ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಿ. ಸಿಕ್ಕಿಕೊಂಡ ಗಾಳಿಗುಳ್ಳೆಯಿಂದ ಹೊಸ ಗ್ಯಾಸ್ಕೆಟ್ ಮೊದಲ ದಿನವೇ ಹೋಗಬಹುದು. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಲೆವೆಲ್ ಮತ್ತೊಮ್ಮೆ ನೋಡಿ, ಇಳಿದಿದ್ದರೆ ತುಂಬಿಸಿ.