ದಪ್ಪ ಬಾಲ್ಸಾ ಕೊಯ್ದು ರೂಪ ಕೊಡುವುದು: ನನ್ನ ಅನುಭವ

ನಾನು ಮಾದರಿ ವಿಮಾನ ಮಾಡಲು ಬಳಸುವ ಬಾಲ್ಸಾ, ಉಗುರು ಒತ್ತಿದರೂ ಗುಳಿ ಬೀಳುವಷ್ಟು ಮೆತ್ತಗಿನ ಹಗುರ ಮರ. ಅದಕ್ಕೇ ಇದನ್ನು ಹೇಗೆ ಕೊಯ್ದರೂ ನಡೆಯುತ್ತದೆ ಅಂತ ಅನ್ನಿಸುತ್ತದೆ. ಎರಡು ಮೂರು ಮಿ.ಮೀ. ಹಾಳೆಗಾದರೆ ಅದು ಹೆಚ್ಚುಕಡಿಮೆ ನಿಜ. ಆದರೆ 12, 20, 25 ಮಿ.ಮೀ. ದಪ್ಪಕ್ಕೆ ಬಂದಾಗ ಆ ಮೆತ್ತನೆಯ ಗುಣವೇ ತೊಡಕಾಗುತ್ತದೆ. ಗಟ್ಟಿ ಮರವಾದರೆ ಮೊಂಡು ಅಲಗನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬಾಲ್ಸಾ ಬಿಟ್ಟುಕೊಳ್ಳುತ್ತದೆ, ಆದರೆ ಕತ್ತರಿಸಿಕೊಂಡಲ್ಲ, ಒಳಗಿನ ತೆಳು ಗೋಡೆಯ ಕೋಶಗಳು ನಜ್ಜಿ. ಮಾಗಿದ ಟೊಮೆಟೊಗೆ ಮೊಂಡು ಚಾಕು ಹಾಕಿದ ಹಾಗೆಯೇ ಅದು. ಹಾಗಾಗಿ ದಪ್ಪ ಬಾಲ್ಸಾಗೆ ನಾನು ಗಟ್ಟಿ ಮರಕ್ಕೆ ಬಳಸುವುದಕ್ಕಿಂತ ಹರಿತವಾದ ಅಲಗು ಹಿಡಿಯುತ್ತೇನೆ, ಕೈಯ ಬಲ ಮಾತ್ರ ಅರ್ಧಕ್ಕೆ ಇಳಿಸುತ್ತೇನೆ. ಮಿಕ್ಕ ವಿಧಾನವೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಮೊದಲು ತುಂಡನ್ನು ತೂಗುತ್ತೇನೆ. ಬಾಲ್ಸಾ ಮರ ಐದಾರು ವರ್ಷದಲ್ಲೇ ಕಡಿಯುವಷ್ಟು ಬೆಳೆದುಬಿಡುತ್ತದೆ, ಅದರ ಸಾಂದ್ರತೆ ಮರದಿಂದ ಮರಕ್ಕೆ, ಒಂದೇ ಮರದಲ್ಲೂ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ. 300 ಮಿ.ಮೀ. ಉದ್ದ, 75 ಅಗಲ, 25 ದಪ್ಪದ ತುಂಡು ಒಂದು 56 ಗ್ರಾಂ ತೂಗಿದರೆ, ನೋಡಲು ಅದರಂತೆಯೇ ಇರುವ ಇನ್ನೊಂದು 110 ಗ್ರಾಂ ದಾಟಬಹುದು. ಕೆತ್ತನೆಗೆ ನನಗೆ ಬೇಕಾದ್ದು ನಡುವಿನದು, 70ರಿಂದ 80 ಗ್ರಾಂ. ತೀರಾ ಹಗುರದ್ದು ಅಡ್ಡ ಕೊಯ್ತದಲ್ಲಿ ಪುಡಿಪುಡಿಯಾಗುತ್ತದೆ. ಭಾರದ್ದು ವಿಮಾನದ ಮೂಗಿನಲ್ಲಾದರೂ ಸರಿ, ಬಾಲದ ಕಡೆ ಬೇಡವೇ ಬೇಡ. ಮರದ ನಾರಿನ ಎಳೆ ಉದ್ದಕ್ಕೂ ನೇರವಾಗಿ ಓಡಿದೆಯೇ ಅಂತ ನಾಲ್ಕು ಮುಖವನ್ನೂ ನೋಡಿಕೊಳ್ಳುತ್ತೇನೆ. ಒಂದು ಮುಖದಲ್ಲಿ ನೇರ, ಪಕ್ಕದ ಮುಖದಲ್ಲಿ ಓರೆ ಇದ್ದರೆ ಹತ್ತರಿ ಹೊಡೆಯುವಾಗ ಸಿಪ್ಪೆ ಎದ್ದೇ ಏಳುತ್ತದೆ.

ಗುರುತಿಗೆ ಮೆತ್ತನೆಯ ಪೆನ್ಸಿಲ್ಲೇ ಸಾಕು. ಬಾಲ್‌ಪೆನ್ ಮರದಲ್ಲಿ ಗೀರು ಬಿಡುತ್ತದೆ, ಶಾಯಿ ಬಣ್ಣದ ಮೂಲಕ ಮೇಲೆ ತೇಲಿ ಬರುವುದೂ ಉಂಟು. ಅಡ್ಡ ಕೊಯ್ಯುವುದಿದ್ದರೆ ಮೂಲೆಮಟ್ಟ ಇಟ್ಟು ಗೆರೆಯನ್ನು ನಾಲ್ಕೂ ಮುಖಕ್ಕೆ ಸುತ್ತಿಸುತ್ತೇನೆ. ಆಮೇಲೆ ಹೊಸ ಅಲಗಿನ ಚಾಕುವಿನಿಂದ ಅದೇ ಗೆರೆಯ ಮೇಲೆ ಹಗುರವಾಗಿ ಎರಡು ಮೂರು ಸಲ ಎಳೆದು, ಸುಮಾರು ಒಂದು ಮಿ.ಮೀ. ಆಳದ ಕಚ್ಚು ಮಾಡುತ್ತೇನೆ. ಮೇಲಿನ ನಾರು ಇಲ್ಲೇ ಕತ್ತರಿಸಿಹೋಗುವುದರಿಂದ ಗರಗಸ ಅದನ್ನು ಕೀಳಲಾರದು. ಗರಗಸವೆಂದರೆ ಇಂಚಿಗೆ 40ಕ್ಕೂ ಹೆಚ್ಚು ಹಲ್ಲಿರುವ ತೆಳುವಾದ ರೇಜರ್ ಸಾ. ತುಂಡಿನ ಕೆಳಗೆ ಒಂದು ಬೇಡದ ಹಲಗೆ ಕೊಟ್ಟು, ಗರಗಸವನ್ನು ಅದರ ತೂಕದ ಮೇಲೇ ಓಡಲು ಬಿಡಬೇಕು. ಒತ್ತಿದ ಕೂಡಲೇ ಕೊಯ್ತ ಓರೆಯಾಗುತ್ತದೆ. ಉದ್ದಕ್ಕೆ ಸೀಳುವಾಗ ಅಪಾಯ ಬೇರೆ: ಚಾಕು ನಮ್ಮ ಗೆರೆ ಬಿಟ್ಟು ಮರದ ಎಳೆ ಹಿಡಿದು ಹೋಗುತ್ತದೆ. ಆದ್ದರಿಂದ ಆರು ಮಿ.ಮೀ. ಮೀರಿದ್ದನ್ನು ನಾನು ಚಾಕುವಿನಲ್ಲಿ ಸೀಳುವುದಿಲ್ಲ.

ಬಾಗಿದ ಆಕಾರಕ್ಕೆ ಸಣ್ಣ ಹಲ್ಲಿನ ಕೋಪಿಂಗ್ ಸಾ, ಅಂದರೆ ಬಿಲ್ಲಿನಂಥ ಚೌಕಟ್ಟಿಗೆ ತೆಳು ಅಲಗು ಬಿಗಿದ ಗರಗಸ, ಬಳಸುತ್ತೇನೆ. ದಪ್ಪ ಮರದಲ್ಲಿ ಆ ತೆಳು ಅಲಗು ಒಳಗೊಳಗೇ ವಾಲುವುದರಿಂದ, ಮೇಲೆ ಗೆರೆಗೆ ಸರಿಯಾಗಿ ಕಂಡರೂ ತಳದಲ್ಲಿ ಒಳಹೊಕ್ಕಿರಬಹುದು. ಗೆರೆಯಾಚೆ ಒಂದೂವರೆ ಎರಡು ಮಿ.ಮೀ. ಬಿಟ್ಟೇ ಕೊಯ್ಯುತ್ತೇನೆ.

ನನಗೆ ತುಂಬ ಇಷ್ಟವಾದ ಕೆಲಸ ಮೂಗಿನ ತುಂಡು ಕೆತ್ತುವುದು. ಪಕ್ಕದಿಂದ ಕಾಣುವ ಆಕಾರವನ್ನು ಒಂದು ಮುಖದ ಮೇಲೆ, ಮೇಲಿನಿಂದ ಕಾಣುವುದನ್ನು ಇನ್ನೊಂದರ ಮೇಲೆ ಬರೆಯುತ್ತೇನೆ. ಮೊದಲು ಪಕ್ಕದ ಆಕಾರ ಕೊಯ್ದು, ಕಳಚಿಬಂದ ಚೂರುಗಳನ್ನು ಎಸೆಯದೆ ಮಾಸ್ಕಿಂಗ್ ಟೇಪಿನಿಂದ ಮತ್ತೆ ಅಲ್ಲೇ ಅಂಟಿಸುತ್ತೇನೆ. ಆಗ ತುಂಡು ಮೊದಲಿನಂತೆ ಚೌಕವಾಗುತ್ತದೆ, ಎರಡನೇ ಕೊಯ್ತಕ್ಕೆ ಸಮವಾಗಿ ಕೂರುತ್ತದೆ, ಅಳಿದುಹೋಗಬಹುದಾಗಿದ್ದ ಗುರುತುಗಳೂ ಉಳಿಯುತ್ತವೆ. ಟೇಪು ಬಿಚ್ಚಿದರೆ ಎರಡೂ ದಿಕ್ಕಿನಲ್ಲಿ ಸರಿಯಾದ, ಆದರೆ ಮೂಲೆಗಳಿರುವ ಆಕಾರ ಕೈಗೆ ಬರುತ್ತದೆ. ನಾಲ್ಕು ಮೂಲೆ ಚಪ್ಪಟೆ ಹೊಡೆದು ಎಂಟಾಗಿಸಿ, ಎಂಟನ್ನು ಮತ್ತೆ ಒಡೆದರೆ ದುಂಡಿಗೆ ಹತ್ತಿರ. ಇದಕ್ಕೆ ರೇಜರ್ ಅಲಗಿನ ಪುಟ್ಟ ಹತ್ತರಿ, ಯಾವಾಗಲೂ ದಪ್ಪ ಕಡೆಯಿಂದ ಸಣ್ಣ ಕಡೆಗೆ, ಎಳೆ ಇಳಿಯುವ ದಿಕ್ಕಿನಲ್ಲಿ. ಮಧ್ಯದ ಗೆರೆ ಕೊನೆಯವರೆಗೂ ಅಳಿಯಬಾರದು, ಅಳಿದರೆ ಆಗಲೇ ಮತ್ತೆ ಎಳೆಯಬೇಕು. ಎಡ ಬಲ ಒಂದೇ ಇದೆಯೇ ಎಂದು ಕಣ್ಣಳತೆಗೆ ಬಿಡುವುದಿಲ್ಲ. ದಪ್ಪ ಕಾಗದದಲ್ಲಿ ಅರ್ಧ ಆಕಾರದ ಅಚ್ಚು ಕತ್ತರಿಸಿ, ಒಂದು ಬದಿಗೆ ಹಿಡಿದು, ಅದನ್ನೇ ತಿರುಗಿಸಿ ಇನ್ನೊಂದು ಬದಿಗೆ ಹಿಡಿಯುತ್ತೇನೆ.

ಒಳಗೆ ಟೊಳ್ಳಾಗಬೇಕಿದ್ದರೆ ಎರಡು ಅರ್ಧಗಳನ್ನು ನಾಲ್ಕೈದು ಹನಿ ಅಂಟಿನಿಂದಷ್ಟೇ ಕೂಡಿಸಿ ಹೊರಮೈ ಮುಗಿಸುತ್ತೇನೆ. ಆಮೇಲೆ ತೆಳು ಅಲಗು ತೂರಿಸಿ ಬಿಡಿಸಿ, ದುಂಡು ಉಳಿಯಿಂದ ಒಳಗೆ ತೋಡುತ್ತೇನೆ. ಗೋಡೆ ನಾಲ್ಕೈದು ಮಿ.ಮೀ. ಇದ್ದರೆ ಸಾಕು. ಒಳಗೊಂದು ಪ್ರಖರ ದೀಪ ಹಿಡಿದರೆ ತೆಳುವಾದ ಕಡೆ ಬೆಳಕು ಹೊರಗೆ ಸೋಸಿ ಕಾಣುತ್ತದೆ. ಅಲ್ಲಿ ಉಳಿ ನಿಲ್ಲಿಸಬೇಕು.

ಉಜ್ಜುವುದು 80ನೇ ನಂಬರಿನ ಒರಟು ಸ್ಯಾಂಡ್ ಪೇಪರಿನಿಂದ ಶುರು, ನಂತರ 150, 240, ಕೊನೆಗೆ 320. ಪೇಪರನ್ನು ಉದ್ದನೆಯ ಚಪ್ಪಟೆ ಪಟ್ಟಿಗೆ ಅಂಟಿಸಿಕೊಂಡೇ ಉಜ್ಜುತ್ತೇನೆ, ಬರೀ ಬೆರಳಲ್ಲಿ ಉಜ್ಜಿದರೆ ಅಲೆ ಏಳುತ್ತದೆ. ರೆಕ್ಕೆಯ ಮುಂದಿನ ಅಂಚು ದುಂಡಗೆ ಮಾಡುವಾಗ ಪಕ್ಕದ ತೆಳು ಹಾಳೆಯ ಮೇಲೆ ಮಾಸ್ಕಿಂಗ್ ಟೇಪು ಇರಲೇಬೇಕು. ಹಾಳೆಗಳನ್ನು ಪದರವಾಗಿ ಅಂಟಿಸಿ ದಪ್ಪ ಮಾಡಿದ್ದಾದರೆ ಹೊರಮೈ ಹತ್ತಿರ ಸೂಪರ್ ಗ್ಲೂ ಬೇಡ. ಅಂಟು ಮರಕ್ಕಿಂತ ಗಟ್ಟಿ, ಉಜ್ಜಿದಷ್ಟೂ ಮರ ತಗ್ಗಿ ಅಂಟಿನ ಗೆರೆ ಏಣಾಗಿ ನಿಲ್ಲುತ್ತದೆ. ಬಿಳಿ ಅಂಟನ್ನು ತೆಳುವಾಗಿ ಸವರಿದರೆ ಈ ಕಾಟ ಎಷ್ಟೋ ಕಡಿಮೆ. ಧೂಳು ಬಹಳ ನುಣುಪು, ಗಂಟಲಿಗೆ ಹೋಗದಂತೆ ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಕೂರುತ್ತೇನೆ.

ಎಷ್ಟು ಜೋಪಾನ ಮಾಡಿದರೂ ಒಂದೆರಡು ಗುಳಿ ಬೀಳುತ್ತವೆ. ಅದಕ್ಕೆ ಪುಟ್ಟಿ ಹಚ್ಚುವ ಮೊದಲು ಗುಳಿಯೊಳಗೆ ಒಂದು ಹನಿ ನೀರು ಬಿಡುತ್ತೇನೆ, ಬೇಕಿದ್ದರೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ತುದಿ ಮುಟ್ಟಿಸುತ್ತೇನೆ. ನಾರು ಹರಿಯದೆ ಬರೀ ಅದುಮಿದ್ದರೆ ಅದು ಉಬ್ಬಿ ಮೇಲೆ ಬರುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ 320ರಲ್ಲಿ ಒಮ್ಮೆ ಸವರಬೇಕು.