ಬಡಕಲು ಕುದುರೆ ಮನೆಗೆ ಬಂದರೆ: ಮೊದಲ ಹತ್ತು ದಿನದ ಊಟ-ಉಪಚಾರ

ಟಾಂಗಾ ಎಳೆದು ಸುಸ್ತಾದ ಕುದುರೆ, ಮದುವೆ ಮೆರವಣಿಗೆಗೆ ಬೇಡವಾದ ಬಿಳಿ ಕುದುರೆ, ರೇಸಿನಿಂದ ಹೊರಬಿದ್ದು ಮೂರ್ನಾಲ್ಕು ಕೈ ಬದಲಾಯಿಸಿದ ಥರೋಬ್ರೆಡ್. ಬೆಂಗಳೂರು, ಮೈಸೂರಿನ ಹೊರವಲಯದಲ್ಲಿ ಇಂಥವು ಕಸದ ರಾಶಿ ಪಕ್ಕ ಪ್ಲಾಸ್ಟಿಕ್ ಕವರ್ ಜಗಿಯುತ್ತಾ ನಿಂತಿರುತ್ತವೆ. ಸ್ವಲ್ಪ ಜಾಗ, ಒಳ್ಳೆಯ ಮನಸ್ಸು ಎರಡೂ ಇರುವ ಯಾರೋ ಒಬ್ಬರು ಮನೆಗೆ ತರುತ್ತಾರೆ. ತಂದ ಸಂಜೆಯೇ ಒಂದು ಬಕೆಟ್ ಬೇಯಿಸಿದ ಹುರುಳಿ, ಮೇಲೊಂದು ಅಚ್ಚು ಬೆಲ್ಲ. ಕುದುರೆ ಬಕೆಟ್ ನೆಕ್ಕಿ ಖಾಲಿ ಮಾಡುತ್ತದೆ. ಎಲ್ಲರಿಗೂ ಖುಷಿ. ನಾಲ್ಕನೇ ದಿನವೋ ಐದನೇ ದಿನವೋ ಮಲಗಿದ್ದು ಏಳುವುದಿಲ್ಲ. "ಪಾಪ, ಅದರ ಆಯಸ್ಸು ಅಷ್ಟೇ ಇತ್ತು" ಅಂತ ಗುಂಡಿ ತೋಡುತ್ತಾರೆ.

ಆಯಸ್ಸು ಇತ್ತು. ಹುರುಳಿ ಜಾಸ್ತಿಯಾಯಿತು.

ನಮ್ಮದು ಮನೆಮಂದಿಯೇ ನೋಡಿಕೊಳ್ಳುವ ಸಣ್ಣ ಲಾಯ. ಇದೇ ಕಥೆಯನ್ನು ಬೇರೆ ಬೇರೆ ಮನೆಗಳಲ್ಲಿ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಸುಲಭದ ಕೆಲಸಗಳನ್ನು ಒಂದೊಂದು ಸಾಲಲ್ಲಿ ಮುಗಿಸುತ್ತೇನೆ. ಊಟದ ವಿಷಯ ಮಾತ್ರ ಉದ್ದ ಇದೆ, ಪೂರ್ತಿ ಓದಿ.

1. ತರುವ ಮುಂಚೆ

ಮಾಲೀಕ ಇದ್ದರೆ ಅವರಿಂದ ಒಂದು ಕಾಗದ ಬರೆಸಿಕೊಳ್ಳಿ: ಕುದುರೆಯ ಬಣ್ಣ, ಹಣೆಯ ಮೇಲಿನ ಮಚ್ಚೆ, ದಿನಾಂಕ, ಸಹಿ. ಕುದುರೆ ದಪ್ಪಗಾದ ಮೇಲೆ "ಅದು ನಂದು" ಅಂತ ಬರುವವರು ಇದ್ದೇ ಇರುತ್ತಾರೆ. ಹೊಡೆದು ಬಡಿದು ಹಿಂಸೆ ಮಾಡುತ್ತಿದ್ದರೆ ನೀವೇ ಹಗ್ಗ ಬಿಚ್ಚಿಕೊಂಡು ಬರಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಪೊಲೀಸರಿಗೆ ದೂರು ಕೊಡಿ.

ಡಾಕ್ಟರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ದನ ನೋಡುವ ಡಾಕ್ಟರೆಲ್ಲ ಕುದುರೆ ಮುಟ್ಟುವುದಿಲ್ಲ. ಪಶುಸಂಗೋಪನಾ ಇಲಾಖೆಯ 1962 ನಂಬರಿಗೆ ಫೋನ್ ಮಾಡಬಹುದು. ಬೆಂಗಳೂರಿನ ಕಡೆಯವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ.

2. ಬೇರೆ ಕಟ್ಟಿ, ಮೂವತ್ತು ದಿನ

ಮನೆಯಲ್ಲಿ ಬೇರೆ ಕುದುರೆ, ಕತ್ತೆ ಇದ್ದರೆ ಹೊಸದನ್ನು ದೂರ ಕಟ್ಟಿ. ಬಕೆಟ್ ಬೇರೆ, ಬ್ರಷ್ ಬೇರೆ, ಹಗ್ಗ ಬೇರೆ. ಹಳೆಯವುಗಳ ಕೆಲಸ ಮುಗಿಸಿ ಕೊನೆಗೆ ಹೊಸದರ ಹತ್ತಿರ ಹೋಗಿ, ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಇದು ಸುಮ್ನೆ ಮಡಿ ಅಲ್ಲ. ಗ್ಲ್ಯಾಂಡರ್ಸ್ ಅಂತ ಒಂದು ಕಾಯಿಲೆ ಇದೆ. ಮೂಗಿನಿಂದ ಅಂಟಂಟು ಹಳದಿ ಸಿಂಬಳ, ಕಾಲು ಮತ್ತು ಮೈ ಮೇಲೆ ಒಡೆದು ಸೋರುವ ಗಂಟು. ಮನುಷ್ಯರಿಗೂ ಬರುತ್ತದೆ, ಲಸಿಕೆ ಇಲ್ಲ. ಕೆಲವು ಕುದುರೆಗಳಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಲೇಬೇಕು. ದೃಢಪಡಿಸುವ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ಕಾಯಿಲೆ ಇದೆ ಅಂತಾದರೆ ಚಿಕಿತ್ಸೆಯ ಮಾತಿಲ್ಲ, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆ ಪ್ರಕಾರ ಕುದುರೆಗೆ ದಯಾಮರಣವೇ. ಕೇಳಲು ಕಷ್ಟ. ಮುಚ್ಚಿಟ್ಟರೆ ಉಳಿದ ಕುದುರೆಗಳೂ ಹೋಗುತ್ತವೆ, ಮನೆಯವರಿಗೂ ಅಪಾಯ.

ಅದೇ ರಕ್ತದಲ್ಲಿ ಸರ್ರಾ ಕೂಡ ನೋಡಿ ಅಂತ ಡಾಕ್ಟರಿಗೆ ಹೇಳಿ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರೋಗ ಇದು. ಜ್ವರ ಬಂದು ಹೋಗಿ ಮಾಡುತ್ತದೆ, ಹೊಟ್ಟೆಯ ಕೆಳಗೆ, ಕಾಲಲ್ಲಿ ನೀರು ಇಳಿಯುತ್ತದೆ, ತಿಂದರೂ ಮೈ ಹತ್ತುವುದಿಲ್ಲ. ಎಲ್ಲ ಬಡಕಲು ಕುದುರೆಯೂ ಹಸಿವಿನಿಂದಲೇ ಬಡಕಲಾಗಿರುವುದಿಲ್ಲ, ಅಲ್ವಾ?

ಟಿಟಿ ಲಸಿಕೆ ಮೊದಲ ದಿನವೇ. ಕುದುರೆಗೆ ಧನುರ್ವಾಯು ಬಂದಷ್ಟು ಸುಲಭವಾಗಿ ದನಕ್ಕೆ ಬರುವುದಿಲ್ಲ, ಗೊರಸಿಗೆ ಚುಚ್ಚಿದ ಒಂದು ಮೊಳೆ ಸಾಕು.

3. ತೂಕ ಅಳೆಯಿರಿ

ತಕ್ಕಡಿ ಬೇಡ, ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಒಂದು, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಇನ್ನೊಂದು, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 130 ಇದ್ದರೆ ಸುಮಾರು 246 ಕೆಜಿ. ನಮ್ಮ ಟಾಂಗಾ ಕುದುರೆಗಳು ಹೆಚ್ಚುಕಡಿಮೆ ಈ ಗಾತ್ರದವೇ. ಕಣ್ಣಂದಾಜು ನಂಬಬೇಡಿ, ಊಟದ ಲೆಕ್ಕವೆಲ್ಲ ಈ ತೂಕದ ಮೇಲೆ ನಿಂತಿದೆ.

4. ಊಟ: ಎಲ್ಲರೂ ಎಡವುವ ಜಾಗ

ಮೊದಲು ಏನಾಗುತ್ತದೆ ಅಂತ ತಿಳಿದುಕೊಳ್ಳಿ. ವಾರಗಟ್ಟಲೆ ಹಸಿದ ಕುದುರೆ ತನ್ನ ಕೊಬ್ಬನ್ನು ತಿನ್ನುತ್ತದೆ, ಆಮೇಲೆ ಮಾಂಸಖಂಡವನ್ನೇ ತಿನ್ನುತ್ತದೆ. ಆ ಹೊತ್ತಿಗೆ ಮೈಯಲ್ಲಿ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ತಳ ಕಂಡಿರುತ್ತವೆ. ಈಗ ನೀವು ಹುರುಳಿ, ಜೋಳ, ಬೆಲ್ಲ ಕೊಡುತ್ತೀರಿ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಬರುತ್ತದೆ, ಅದನ್ನು ಹಿಡಿಯಲು ಇನ್ಸುಲಿನ್ ನುಗ್ಗುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶದೊಳಗೆ ತಳ್ಳುವಾಗ ರಕ್ತದಲ್ಲಿ ಉಳಿದಿದ್ದ ಚೂರುಪಾರು ರಂಜಕ, ಪೊಟ್ಯಾಸಿಯಂಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ರಕ್ತ ಬರಿದಾಗುತ್ತದೆ. ಹೃದಯ, ಉಸಿರಾಟ, ಸ್ನಾಯು ಎಲ್ಲ ಸೋಲುತ್ತವೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು. ಊಟ ಶುರು ಮಾಡಿದ ಮೂರರಿಂದ ಐದನೇ ದಿನದಲ್ಲಿ ಇದು ಜಾಸ್ತಿ, ಹತ್ತು ದಿನದವರೆಗೂ ಭಯ ಇರುತ್ತದೆ. ಮೊದಲ ದಿನ ಚೆನ್ನಾಗಿ ತಿಂತು ಅಂತ ಸಂಭ್ರಮಿಸಬೇಡಿ ಅನ್ನುವುದು ಅದಕ್ಕೇ.

ಹಾಗಾದರೆ ಏನು ಕೊಡಬೇಕು? ಕುದುರೆ ಮೆಂತ್ಯ, ಅಂದರೆ ಲೂಸರ್ನ್ ಸೊಪ್ಪು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಹಸಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ಹೋಲಿಸಿ ನೋಡಿ, ಇದೇ ಒಳ್ಳೆಯದು ಅಂದಿದ್ದಾರೆ. ಇದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನ್ ಚೆನ್ನಾಗಿದೆ, ರಂಜಕ ಮತ್ತು ಮೆಗ್ನೀಸಿಯಂ ಕೂಡ ಸಿಗುತ್ತದೆ. ಅವರ ಲೆಕ್ಕ ಇರುವುದು ದೊಡ್ಡ ಕುದುರೆಗೆ: ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕೆಜಿ ಒಣ ಲೂಸರ್ನ್. ನಮ್ಮ 250 ಕೆಜಿಯ ಕುದುರೆಗೆ ಅದರ ಅರ್ಧ, ಅಂದರೆ ಸಲಕ್ಕೆ 250 ಗ್ರಾಂ ಒಣಸೊಪ್ಪು, ದಿನಕ್ಕೆ ಆರು ಸಲ.

ಇಲ್ಲೇ ಇನ್ನೊಂದು ಎಡವಟ್ಟು. ನಮಗೆ ಒಣ ಲೂಸರ್ನ್ ಸಿಗುವುದು ಅಪರೂಪ, ಸಿಗುವುದು ಹಸಿ ಸೊಪ್ಪು. ಹಸಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬರೀ ನೀರು. 250 ಗ್ರಾಂ ಒಣ ಸೊಪ್ಪಿಗೆ ಸರಿಸಮ ಬೇಕಾದರೆ ಸುಮಾರು ಒಂದು ಕೆಜಿ ಹಸಿ ಸೊಪ್ಪು. ಕೊಯ್ದ ಕೂಡಲೇ ಹಾಕಬೇಡಿ, ನೆರಳಲ್ಲಿ ತೆಳ್ಳಗೆ ಹರಡಿ ಅರ್ಧ ದಿನ ಬಾಡಿಸಿ. ರಾಶಿ ಹಾಕಿದರೆ ಒಳಗೆ ಬಿಸಿಯಾಗಿ ಬೂಷ್ಟು ಬರುತ್ತದೆ, ಬೂಷ್ಟು ಹಿಡಿದ ಮೇವು ಕುದುರೆಗೆ ವಿಷ. ಲೂಸರ್ನ್ ಸಿಗದಿದ್ದರೆ ಹಸು ಕಟ್ಟಿರುವ, ನೀರಾವರಿ ಇರುವ ರೈತರನ್ನು ಕೇಳಿ. ಅದೂ ಆಗದಿದ್ದರೆ ಒಳ್ಳೆಯ ಗರಿಕೆ ಹುಲ್ಲು, ಇದೇ ಸಣ್ಣ ಲೆಕ್ಕದಲ್ಲಿ.

ನಾಲ್ಕು ಗಂಟೆಗೊಮ್ಮೆ ಅಂದರೆ ರಾತ್ರಿಯೂ ಸೇರಿ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು, ಮತ್ತೆ ಎರಡು. "ರಾತ್ರಿಯದ್ದನ್ನು ಸಂಜೆಯೇ ಸೇರಿಸಿ ಹಾಕಿದರೆ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಮನೆಯವರೆಲ್ಲ ಪಾಳಿ ಹಂಚಿಕೊಳ್ಳಿ, ಗೋಡೆ ಮೇಲೆ ಹಾಳೆ ಅಂಟಿಸಿ, ಹಾಕಿದವರು ಗುರುತು ಹಾಕಿ. ಇಲ್ಲದಿದ್ದರೆ ಅಜ್ಜಿ ಒಂದು ಸಲ, ಮಗ ಒಂದು ಸಲ, ಪಕ್ಕದ ಮನೆಯವರು ಕನಿಕರಪಟ್ಟು ಎರಡು ಬಾಳೆಹಣ್ಣು, ಹೀಗೆ ಲೆಕ್ಕವೇ ತಪ್ಪಿಹೋಗುತ್ತದೆ. ಪಕ್ಕದ ಮನೆಯವರಿಗೆ ಖಡಕ್ಕಾಗಿ ಹೇಳಿಬಿಡಿ. ಕುದುರೆ ಕಾಲು ಕೆರೆಯುತ್ತದೆ, ಹೇಷಾರವ ಮಾಡುತ್ತದೆ, ಖಾಲಿ ಬಕೆಟ್ ಒದೆಯುತ್ತದೆ. ಕರಗಬೇಡಿ.

ನಾಲ್ಕನೇ ದಿನದಿಂದ ನಿಧಾನವಾಗಿ ಏರಿಸಿ, ಸಲ ಕಡಿಮೆ ಮಾಡಿ. ಆರನೇ ದಿನಕ್ಕೆ ಎಂಟು ಗಂಟೆಗೊಮ್ಮೆ ಸುಮಾರು ಒಂದು ಕೆಜಿ ಒಣ ಲೆಕ್ಕ, ದಿನಕ್ಕೆ ಮೂರು ಸಲ. ಹತ್ತು ದಿನ ದಾಟಿ ಎಲ್ಲ ಸರಿ ಇದ್ದರೆ ತಿನ್ನುವಷ್ಟು ಸೊಪ್ಪು-ಹುಲ್ಲು ಹಾಕಬಹುದು. ಕಾಳಿನ ಸುದ್ದಿಗೆ ಇನ್ನೂ ಕೆಲವು ವಾರ ಹೋಗಬೇಡಿ. ಮೈ ತುಂಬಲು ಮೂರರಿಂದ ಐದು ತಿಂಗಳು ಬೇಕು, ಅವಸರ ಪಟ್ಟರೆ ಬರುವುದು ಹೊಟ್ಟೆನೋವು, ಗೊರಸಿನ ಉರಿಯೂತ.

ನೀರು ಯಾವಾಗಲೂ ಇರಲಿ. ತುಂಬಾ ಬಾಯಾರಿ ಬಂದಿದ್ದರೆ ಮೊದಲ ಒಂದೆರಡು ಗಂಟೆ ಮಾತ್ರ ಅರ್ಧರ್ಧ ಬಕೆಟ್, ಸ್ವಲ್ಪ ಬಿಟ್ಟು ಬಿಟ್ಟು.

ಗ್ಲೂಕೋಸ್ ಬಗ್ಗೆ ಎರಡು ಮಾತು. ನಮ್ಮ ಜನಕ್ಕೆ ಡ್ರಿಪ್ ಹಾಕಿಸದಿದ್ದರೆ ಚಿಕಿತ್ಸೆ ಆಯಿತು ಅಂತಲೇ ಅನ್ನಿಸುವುದಿಲ್ಲ. "ನಿತ್ರಾಣ ಆಗಿದೆ ಡಾಕ್ಟ್ರೇ, ಎರಡು ಬಾಟ್ಲಿ ಗ್ಲೂಕೋಸ್ ಹಾಕಿ" ಅಂತ ದುಂಬಾಲು ಬೀಳುತ್ತಾರೆ. ಹಸಿದ ಕುದುರೆಗೆ ಗ್ಲೂಕೋಸ್ ಹಾಕುವುದೂ ಬೆಲ್ಲ ಕೊಡುವುದೂ ಒಂದೇ, ಗ್ಲೂಕೋಸ್ ಇನ್ನೂ ಬೇಗ. ಯಾವ ಡ್ರಿಪ್ ಬೇಕು, ಬೇಕೇ ಬೇಡವೇ ಅನ್ನುವುದನ್ನು ಡಾಕ್ಟರಿಗೆ ಬಿಡಿ. ಔಷಧಿ ಅಂಗಡಿಯವರು ಕೊಡುವ ಟಾನಿಕ್, ಲಿವರ್ ಸಿರಪ್ ದುಡ್ಡಿನಲ್ಲಿ ಇನ್ನೊಂದು ಹೊರೆ ಸೊಪ್ಪು ತನ್ನಿ.

ಹಾಕಬಾರದ್ದು ಇನ್ನೂ ಇದೆ. ಕೋಳಿ ಆಹಾರ, ದನದ ಪೆಲೆಟ್ ಕೊಡಬೇಡಿ. ಮೊನೆನ್ಸಿನ್ ಅನ್ನುವ ಔಷಧಿ ಕೆಲವದರಲ್ಲಿ ಇರುತ್ತದೆ, ದನಕ್ಕೆ ಏನೂ ಆಗದ ಪ್ರಮಾಣವೇ ಕುದುರೆಯ ಹೃದಯ ಕೆಡಿಸುತ್ತದೆ. ಸುಬಾಬುಲ್ ಸೊಪ್ಪು ತಿಂದರೆ ಕುತ್ತಿಗೆಯ ಜೂಲು, ಬಾಲದ ಕೂದಲು ಉದುರುತ್ತದೆ. ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟು ಮೂಳೆ ಮೆತ್ತಗಾಗುತ್ತದೆ. ಬರೀ ಗೋಧಿ ಬೂಸಾ ಮೇಲೆ ಸಾಕಿದರೂ ಅದೇ ಗತಿ, ಬೂಸಾದಲ್ಲಿ ರಂಜಕ ಮಿತಿಮೀರಿ ಇದೆ. ಮೊದಲ ದಿನಗಳಲ್ಲಿ ರಂಜಕ ಬೇಕು ಅಂದೆ ಅಂತ ಬೂಸಾ ತುಂಬಬೇಡಿ, ಅದರಲ್ಲಿ ಪಿಷ್ಟವೂ ಇದೆ. ಭತ್ತದ ಹುಲ್ಲು ಹಾಸಲು ಓಕೆ, ಹೊಟ್ಟೆಗೆ ಬೇಡ.

5. ದಿನಕ್ಕೆ ಎರಡು ಸಲ ನೋಡುವುದು

ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ: 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ಥರ್ಮಾಮೀಟರಿಗೆ ದಾರ ಕಟ್ಟಿ, ಇಲ್ಲದಿದ್ದರೆ ಒಳಗೆ ಹೋಗಿಬಿಡುತ್ತದೆ. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ, ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಲದ್ದಿ ಎಷ್ಟು ಸಲ, ಗಟ್ಟಿಯೋ ನೀರೋ, ಅದನ್ನೂ ಬರೆಯಿರಿ.

ಮೈ ನಡುಗುವುದು, ತೂರಾಡುವುದು, ಸುಮ್ಮನೆ ನಿಂತಿದ್ದರೂ ಏದುಸಿರು, ಕಾಲು ಬಾವು, ಮಲಗಿ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಮೇವು ಏರಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬೆಳಿಗ್ಗೆವರೆಗೂ ಕಾಯಬೇಡಿ.

ಹೊಟ್ಟೆನೋವು ಬಂದರೆ ಕುದುರೆ ಪದೇ ಪದೇ ಹೊಟ್ಟೆ ಕಡೆ ತಿರುಗಿ ನೋಡುತ್ತದೆ, ಒದ್ದುಕೊಳ್ಳುತ್ತದೆ, ಹೊರಳಾಡುತ್ತದೆ. ಮೇವು ತೆಗೆದುಬಿಡಿ. ಆಗ ಯಾರಾದರೂ ಹಿರಿಯರು ಗೊಟ್ಟ ತೆಗೆದುಕೊಂಡು ಬಂದೇ ಬರುತ್ತಾರೆ, ಎಣ್ಣೆ ಕುಡಿಸೋಣ ಅಂತ. ಕೈಮುಗಿದು ಕಳಿಸಿ. ತಲೆ ಎತ್ತಿ ಹಿಡಿದು ಸುರಿದ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಹೊಟ್ಟೆ ತುಂಬಿ ಬಿರಿದೇ ಹೋಗಬಹುದು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವುದು ಡಾಕ್ಟರ ಕೆಲಸ.

6. ಜಂತುಹುಳು, ಹಲ್ಲು, ಗೊರಸು, ಗಾಯ

ಜಂತುಹುಳದ ಔಷಧಿ ಬಂದ ದಿನವೇ ಬೇಡ. ಹುಳುಗಳು ಒಟ್ಟಿಗೆ ಸತ್ತರೆ ಸೋತ ಕರುಳಿಗೆ ಅದೇ ಹೊರೆ. ಲದ್ದಿ ಪರೀಕ್ಷೆ ಮಾಡಿಸಿ, ಕುದುರೆ ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಡಿ.

ಅರ್ಧ ಜಗಿದ ಹುಲ್ಲಿನ ಉಂಡೆ ಗೋದಲಿ ಹತ್ತಿರ ಬಿದ್ದಿದ್ದರೆ ಹಲ್ಲಿನ ತೊಂದರೆ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕುಯ್ಯುತ್ತಿರುತ್ತದೆ, ಅರ ಹಾಕಿ ಉಜ್ಜಿಸಬೇಕು. ಎಷ್ಟೋ ಮುದಿ ಕುದುರೆಗಳು ಬಡಕಲಾಗಿರುವುದು ಇದರಿಂದಲೇ.

ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ. ಚಪ್ಪಲಿಯಂತೆ ಉದ್ದ ಬೆಳೆದಿದ್ದರೆ ಒಂದೇ ದಿನ ಪೂರ್ತಿ ಕತ್ತರಿಸಲು ಬಿಡಬೇಡಿ, ಸ್ವಲ್ಪ ಸ್ವಲ್ಪವೇ ಸರಿಗೆ ತನ್ನಿ. ಲಾಳ ಕಟ್ಟುವವರು ಹೊಸ ಲಾಳ ಹೊಡೆಯುತ್ತೇನೆ ಅಂದರೆ ಬೇಡ ಅನ್ನಿ, ಮಣ್ಣಲ್ಲಿ ನಿಲ್ಲುವ ಕುದುರೆಗೆ ಲಾಳ ಯಾಕೆ?

ಹಗ್ಗ, ನೊಗ ಉಜ್ಜಿದ ಗಾಯಕ್ಕೆ ಉಪ್ಪುನೀರು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನೈಲ್, ಗಾಡಿಯ ಹಳೆ ಆಯಿಲ್ ಸುರಿಯುವುದನ್ನು ಈಗಲಾದರೂ ಬಿಡಿ. ಹುಳದ ಜೊತೆ ಬದುಕಿದ ಮಾಂಸವೂ ಸುಡುತ್ತದೆ. ನೋವಿಗೆ ಡೈಕ್ಲೋಫೆನಾಕ್ ಚುಚ್ಚುವುದೂ ಬೇಡ. ಅದನ್ನು ಪ್ರಾಣಿಗಳಿಗೆ ಕೊಡುವುದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧಿ ಇರುವ ಹೆಣ ತಿಂದು ರಣಹದ್ದುಗಳು ಸತ್ತವು, ರಾಮನಗರದ ಬೆಟ್ಟದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು.

7. ಇನ್ನೊಂದು ತರುವ ಮೊದಲು

ಒಂದು ಕುದುರೆ ಚೇತರಿಸಿಕೊಂಡ ಸುದ್ದಿ ಹಬ್ಬಿದರೆ ಫೋನುಗಳು ಶುರು. "ನಮ್ಮ ಬೀದಿಲೂ ಒಂದಿದೆ, ತಗೊಂಡು ಹೋಗಿ" ಅಂತ. ನಿಮ್ಮ ಸಂಖ್ಯೆ ಎಷ್ಟು ಅಂತ ಮನೆಯವರು ಕೂತು ಮೊದಲೇ ತೀರ್ಮಾನಿಸಿ, ಆ ಸಂಖ್ಯೆ ದಾಟಬೇಡಿ. ನನ್ನ ಲೆಕ್ಕದಲ್ಲಿ ಒಬ್ಬರು ಪೂರ್ತಿ ಹೊತ್ತು ನೋಡಿಕೊಂಡರೆ ಮೂರು ಕುದುರೆ, ನಾಲ್ಕನೆಯದು ಬಂದರೆ ಯಾವುದೋ ಒಂದರ ಗೊರಸು ಮರೆತೇಹೋಗುತ್ತದೆ. ಬೇಸಿಗೆಯ ಮೇವಿನ ದುಡ್ಡು, ಒಂದು ಹೊಟ್ಟೆನೋವಿನ ರಾತ್ರಿಗೆ ಬೇಕಾಗುವ ಡಾಕ್ಟರ ದುಡ್ಡು, ಎರಡೂ ಪಕ್ಕಕ್ಕೆ ಎತ್ತಿಟ್ಟ ಮೇಲೆ ಹೂಂ ಅನ್ನಿ. ಇಲ್ಲದಿದ್ದರೆ ಫೋನ್ ಮಾಡಿದವರಿಗೆ 1962 ನಂಬರ್ ಕೊಟ್ಟು, ನೀರು ಮತ್ತು ಗರಿಕೆ ಎಷ್ಟು ಹಾಕಬೇಕು ಅಂತ ಹೇಳಿ.