ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿದ್ದ ವಿದೇಶಿ ಹಣ

ಪ್ರತಿ ಪ್ರವಾಸ ಮುಗಿದಾಗಲೂ ಜೇಬಿನಲ್ಲಿ ಉಳಿದದ್ದನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿಯುತ್ತಿದ್ದೆ. ಒಂದು ದಿನ ಅದರ ಮುಚ್ಚಳ ಕೂರಲಿಲ್ಲ. ಡಬ್ಬಿಯನ್ನು ಹೊತ್ತು ವಿನಿಮಯ ಕೇಂದ್ರಕ್ಕೆ ಹೋದೆ. ಅಲ್ಲಿಯವರು ನಾಣ್ಯಗಳನ್ನು ಮುಟ್ಟಲೇ ಇಲ್ಲ. ಇಪ್ಪತ್ತು ಪೌಂಡಿನ ಹಳೆಯ ಕಾಗದದ ನೋಟುಗಳನ್ನೂ ಚಲಾವಣೆಯಲ್ಲಿಲ್ಲವೆಂದು ಹಿಂದಿರುಗಿಸಿದರು.

ಚಲಾವಣೆ ನಿಂತರೆ ಬೆಲೆಯೂ ಹೋಯಿತು ಎಂದೇ ನಾನು ನಂಬಿದ್ದೆ. ಹಾಗಲ್ಲ. ಆ ನೋಟುಗಳನ್ನು ಅಂಗಡಿಗಳಲ್ಲಿ ಬಳಸಲು 2022ರ ಸೆಪ್ಟೆಂಬರ್ 30 ಕೊನೆಯ ದಿನವಾಗಿತ್ತು, ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹಳೆಯ ನೋಟುಗಳನ್ನು ಯಾವ ಗಡುವೂ ಇಲ್ಲದೆ ಬದಲಾಯಿಸಿಕೊಡುತ್ತದೆ. ಮುಂದಿನ ಸಲ ಲಂಡನ್ನಿಗೆ ಹೋದಾಗ ಗುರುತಿನ ದಾಖಲೆಯೊಡನೆ ಅದರ ಕೌಂಟರಿನಲ್ಲಿ ಸರದಿ ನಿಂತೆ. ಸರದಿ ಉದ್ದವಿತ್ತು, ಹಣ ಪೂರ್ತಿ ಸಿಕ್ಕಿತು.

ಡಬ್ಬಿಯ ತಳದಲ್ಲಿ ಅಪ್ಪನ ಕಾಲದ ಜರ್ಮನ್ ಮಾರ್ಕುಗಳೂ ಇದ್ದವು. ಜರ್ಮನಿಯ ಕೇಂದ್ರ ಬ್ಯಾಂಕು ಅವುಗಳ ನಾಣ್ಯಗಳನ್ನೂ ಇಂದಿಗೂ ಯೂರೋಗೆ ಬದಲಾಯಿಸುತ್ತದೆ: 1.95583 ಮಾರ್ಕಿಗೆ ಒಂದು ಯೂರೋ. ಫ್ರೆಂಚ್ ಫ್ರಾಂಕುಗಳಿಗೆ ಆ ಭಾಗ್ಯವಿಲ್ಲ; ಅವುಗಳ ಗಡುವು 2012ರ ಫೆಬ್ರವರಿಯಲ್ಲೇ ಮುಗಿದಿದೆ. ಅವನ್ನು ನಾಣ್ಯ ಸಂಗ್ರಹಿಸುವ ಹುಡುಗನೊಬ್ಬನಿಗೆ ಕೊಟ್ಟೆ.

ಉಳಿದ ಚಿಲ್ಲರೆ ವಿಮಾನದಲ್ಲಿ ಕೊಟ್ಟ ಯುನಿಸೆಫ್ ಲಕೋಟೆಗೆ ಹೋಯಿತು. ಈಗ ಹೊರಡುವ ದಿನ ಹೋಟೆಲಿನ ಬಿಲ್ಲಿಗೆ ಮೊದಲು ಕೈಯಲ್ಲಿರುವ ನಗದೆಲ್ಲ ಕೊಟ್ಟು, ಕಡಿಮೆ ಬಿದ್ದದ್ದನ್ನು ಮಾತ್ರ ಕಾರ್ಡಿನಲ್ಲಿ ತೀರಿಸುತ್ತೇನೆ. ಡಬ್ಬಿಗೆ ಮತ್ತೆ ಬಿಸ್ಕತ್ತು ಬಂದಿದೆ.